ಮಂದಿರದ ತಿರುವಿನಲ್ಲಿ

ಡಿಪೋದವರು ಅವಳಿಗೆ ‘ಮಾತಿನ ಡಾಕ್ಟ್ರು’ ಅಂತ ಹೆಸರಿಟ್ಟಿದ್ದರು. ಸೂಜಿ ಇಲ್ಲ, ಗುಳಿಗೆ ಇಲ್ಲ, ಎರಡು ಕುರ್ಚಿ, ಒಂದು ಮೇಜು, ಒಂದು ನೀರಿನ ಜಗ್ಗು, ಅಷ್ಟೇ ಅವಳ ಆಸ್ಪತ್ರೆ. ಹಿಂದೆ ಅದು ಟೈರು ಇಡುವ ಕೋಣೆಯಾಗಿತ್ತು. ಎಷ್ಟು ಸಲ ಸುಣ್ಣ ಬಳಿದರೂ ರಬ್ಬರಿನ ವಾಸನೆ ಹೋಗಿರಲಿಲ್ಲ. ಅಪಘಾತ ಮಾಡಿಕೊಂಡ ಡ್ರೈವರುಗಳು, ಪ್ರಯಾಣಿಕರ ಕೈಯಲ್ಲಿ ಪೆಟ್ಟು ತಿಂದ ಕಂಡಕ್ಟರುಗಳು, ಮನೆಯ ಜಗಳವನ್ನು ಗ್ಯಾರೇಜಿಗೆ ಹೊತ್ತು ತಂದು ಸ್ಪ್ಯಾನರ್ ಎಸೆಯುವ ಮೆಕ್ಯಾನಿಕ್‌ಗಳು, ಎಲ್ಲರೂ ಬರುತ್ತಿದ್ದರು. ಬರುವಾಗ ‘ನನಗೇನಾಗಿದೆ, ನಾನು ಚೆನ್ನಾಗೇ ಇದೀನಿ’ ಅಂತ ಬಿಗಿದುಕೊಂಡು ಬಂದವರು ಹೋಗುವಾಗ ಜಗ್ಗಿನ ನೀರೆಲ್ಲ ಖಾಲಿ ಮಾಡಿ ಹೋಗುತ್ತಿದ್ದರು.

ಕೆಲಸದಲ್ಲಿ ಅವಳು ಗಟ್ಟಿ. ಆದರೆ ಅವಳಿಗೊಂದು ನಿಯಮವಿತ್ತು. ಒದ್ದೆ ಕೊಡೆಯನ್ನು ಬಾಗಿಲ ಹೊರಗೆ ಬಿಟ್ಟು ಬರುವ ಹಾಗೆ ದೇವರನ್ನೂ ಹೊರಗೇ ಬಿಟ್ಟು ಒಳಗೆ ಬರಬೇಕು. ಹಾಗಂತ ಬೋರ್ಡೇನೂ ಹಾಕಿರಲಿಲ್ಲ. ಎದುರಿಗೆ ಕೂತವರು ‘ದೇವರು’ ಅಂದ ಕೂಡಲೇ ಅವಳು ಒಂಚೂರು ಹಿಂದಕ್ಕೆ ಸರಿದು, ‘ಅದಿರಲಿ, ನಿಮಗೆ ಹೇಗನ್ನಿಸಿತು ಹೇಳಿ’ ಅನ್ನುತ್ತಿದ್ದಳು. ಓದಿಸಿದ ಗುರುಗಳು ಕಲಿಸಿದ್ದೂ ಹಾಗೆಯೇ.

ನಿಯಮಕ್ಕೆ ಪುಸ್ತಕದ್ದಲ್ಲದ ಕಾರಣವೂ ಇತ್ತು. ಅವಳು ಲಂಗ ತೊಡುವ ವಯಸ್ಸಿನಲ್ಲಿದ್ದಾಗ ಅವಳ ಅಮ್ಮ ಹಾಸಿಗೆ ಹಿಡಿದು ಗೋಡೆ ನೋಡುತ್ತ ಮಲಗಿಬಿಟ್ಟಿದ್ದಳು. ಜ್ವರವಿಲ್ಲ, ನೋವಿಲ್ಲ, ಏಳುವ ಮನಸ್ಸೇ ಇಲ್ಲ. ಡಾಕ್ಟರನ್ನು ಕರೆಯುವ ಬದಲು ಮನೆಯವರು, ನೆಂಟರು ಸುತ್ತ ಕೂತು ‘ನಿನ್ನ ನಂಬಿಕೆ ಸಾಲದು, ಇನ್ನೂ ಗಟ್ಟಿಯಾಗಿ ಪ್ರಾರ್ಥನೆ ಮಾಡು’ ಅಂದರು. ಅಮ್ಮ ಮಾಡಿದಳು, ಮಾಡುತ್ತಲೇ ಹೋದಳು, ಕೊನೆಗೆ ಆ ಹಾಸಿಗೆಯಲ್ಲೇ ತೀರಿಕೊಂಡಳು. ಆ ಸಿಟ್ಟನ್ನು ಮಗಳು ಇನ್ನೂ ಇಳಿಸಿರಲಿಲ್ಲ.

ಹಣೆಬರಹ ನೋಡಿ, ಸಿಕ್ಕಿದ ಅತ್ತೆ ಮಾತ್ರ ಬೆಳಗ್ಗೆ ಎದ್ದು ಕಣ್ಣು ಬಿಡುವ ಮೊದಲೇ ದೇವರ ಜೊತೆ ಮಾತಿಗಿಳಿಯುವವರು. ಸೊಸೆ ಕಾಲ್ಬೆರಳು ಬಾಗಿಲಿಗೆ ಬಡಿದುಕೊಂಡು ‘ಅಯ್ಯೋ ದೇವರೇ!’ ಅಂದರೆ ಸಾಕು, ಒಳಗಿನಿಂದ ಕೂಗುತ್ತಿದ್ದರು: “ಯಾರನ್ನಮ್ಮಾ ಕರೆದೆ? ಗುರುತಿರೋರಾ?”

ಅಂಥವಳ ಕೋಣೆಗೆ ನಿಧಾನಪ್ಪ ಬಂದ.

ಅದು ಅವನ ಅಡ್ಡಹೆಸರು. ಬಸ್ಸು ಓಡಿಸಲು ಶುರುಮಾಡಿದಾಗಿನಿಂದ ಒಂದು ನಾಯಿಮರಿಯ ಬಾಲವನ್ನೂ ತುಳಿಸಿದವನಲ್ಲ. ಹಿಂದಿನವರು ಹಾರ್ನ್ ಬಾರಿಸಿ ಬಾರಿಸಿ ಸುಸ್ತಾಗಬೇಕು, ಇವನು ಮಾತ್ರ ಮದುವಣಗಿತ್ತಿಯನ್ನು ಕರೆತರುವವನ ಹಾಗೆ ಬಸ್ಸು ತರುತ್ತಿದ್ದ. ಇಂಥವನ ಬಸ್ಸಿಗೆ ಚಾಕು ಕತ್ತರಿಗೆ ಸಾಣೆ ಹಿಡಿಯುವ ಮುದುಕನೊಬ್ಬ ಸೈಕಲ್ ಸಮೇತ ಸಿಕ್ಕಿಕೊಂಡು ಸೊಂಟ ಮುರಿದುಕೊಂಡ. ಬೀದಿಯ ಮಕ್ಕಳೆಲ್ಲ ಅವನನ್ನು ‘ಸಾಣೆ ತಾತ’ ಅನ್ನುತ್ತಿದ್ದರು. ತಾತ ಬದುಕಿಕೊಂಡ, ಕೋಲು ಹಿಡಿದು ನಡೆಯುತ್ತಲೂ ಇದ್ದ. ರಸ್ತೆಯ ಗುಂಡಿ ತಪ್ಪಿಸಲು ಹೋಗಿ ಸೈಕಲ್ ವಾಲಿತು ಅಂತ ಅವನೇ ಹೇಳಿದ್ದರಿಂದ ವಿಚಾರಣೆಯಲ್ಲಿ ಡ್ರೈವರನದು ತಪ್ಪಿಲ್ಲ ಎಂದಾಯಿತು. ಎಲ್ಲರೂ ನಿಧಾನಪ್ಪನ ಬೆನ್ನು ತಟ್ಟಿದರು. ಅವನು ಮಾತ್ರ ಬಸ್ಸು ಹತ್ತಿ ಸ್ಟೇರಿಂಗ್ ಮುಟ್ಟಿದರೆ ಸಾಕು, ಕೈ ಗಡಗಡ ನಡುಗಿ, ಬೆವರೊರೆಸಿಕೊಂಡು ಕೆಳಗಿಳಿದುಬಿಡುತ್ತಿದ್ದ.

“ತಪ್ಪಿಲ್ಲ ಅಂತ ಬರೆದು ಕೊಟ್ಟಿದ್ದಾರೆ, ಇನ್ನೇನು ಬೇಕಂತೆ ಮಹಾರಾಯನಿಗೆ?” ಅಂತ ಡಿಪೋ ಮ್ಯಾನೇಜರ್ ಗೊಣಗಿದರು. “ಈ ತಿಂಗಳು ಮುಗಿಯೋದ್ರೊಳಗೆ ನೀವು ಹೇಳಿಬಿಡಿ ಮೇಡಂ. ಓಡಿಸ್ತಾನೋ ಇಲ್ವೋ. ಇಲ್ಲಾಂದ್ರೆ ಬಸ್ಸು ತೊಳೆಯೋ ಶೆಡ್‌ಗೆ ಹಾಕ್ತೀನಿ, ನೀರಿನ ಪೈಪ್ ಹಿಡ್ಕೊಂಡು ನಿಂತ್ಕೊಳ್ಳಲಿ.”

ತೊಳೆಯುವ ಕೆಲಸವೇನು ಕೀಳಲ್ಲ. ಆದರೆ ನಿಧಾನಪ್ಪನಿಗೆ ಡ್ರೈವರ್ ಸೀಟು ಬಿಟ್ಟು ಬೇರೆ ಕಡೆ ಕೂತರೆ ಬೆನ್ನು ನೋಯುತ್ತಿತ್ತು. ಬಸ್ಸು ಬಿಡಿಸಿದರೆ ಅವನು ಮುಗಿದ ಹಾಗೆಯೇ. ಅದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ವಾರವಾರ ಬಂದ. ಉಸಿರಾಟದ ವ್ಯಾಯಾಮ ಹೇಳಿಕೊಟ್ಟರೆ ಶಾಲೆಯ ಹುಡುಗನ ಹಾಗೆ ಕಣ್ಣು ಮುಚ್ಚಿ ಮಾಡಿದ. ನಿದ್ದೆ ಹೇಗಿದೆ ಅಂದರೆ “ಪರವಾಗಿಲ್ಲ ಮೇಡಂ” ಅಂದ. ಆ ದಿನದ ಮಾತು ಬಂದಾಗ ಮಾತ್ರ ಅವನ ಧ್ವನಿ ಬೇರೆಯಾಗುತ್ತಿತ್ತು.

“ಮಂದಿರದ ತಿರುವು ಬರುತ್ತಲ್ಲ ಮೇಡಂ, ಪ್ರಾರ್ಥನಾ ಮಂದಿರ... ಅಲ್ಲಿಗೆ ಬಂದಾಗ ದಿನಾ ನಾನು ದೇವರಿಗೆ...”

“ದೇವರ ವಿಷಯ ಆಮೇಲೆ ನೋಡೋಣ,” ಅಂದಳು ಅವಳು, ಬಹಳ ಮೆತ್ತಗೆ. “ಆ ಹೊತ್ತಲ್ಲಿ ನಿಮ್ಮ ಮೈಯಲ್ಲಿ ಏನಾಗ್ತಿತ್ತು? ಎದೆ ಬಡಿತ?”

“ಬಡೀತಿತ್ತು ಮೇಡಂ,” ಅಂದು ನಿಧಾನಪ್ಪ ಜಗ್ಗಿನ ಕಡೆ ನೋಡಿದ.

ಮುಂದಿನ ವಾರವೂ ಅದೇ ತಿರುವಿಗೆ ಬಂದು ಅವನು ನಿಂತ, ಅವಳು ಅದೇ ಮೆತ್ತನೆಯ ಮಾತಿನಿಂದ ಪಕ್ಕಕ್ಕೆ ಕರೆದುಕೊಂಡು ಹೋದಳು. ಆಮೇಲೆ ಅವನು ಆ ತಿರುವಿನ ಮಾತೇ ಎತ್ತಲಿಲ್ಲ. ಒಳ್ಳೆಯ ಮನುಷ್ಯ, ಹೋದಲ್ಲಿ ಯಾರಿಗೂ ಇರುಸುಮುರುಸು ಮಾಡಬಾರದು ಅಂತ ಇರುವವನು. ಅವಳು ಅದನ್ನು ಸುಧಾರಣೆ ಅಂದುಕೊಂಡಳು. ಓದಿದವರಿಗೆ ತಮ್ಮ ಓದಿನ ಮೇಲೆ ಇರುವಷ್ಟು ನಂಬಿಕೆ ಭಕ್ತರಿಗೂ ದೇವರ ಮೇಲೆ ಇರಲಿಕ್ಕಿಲ್ಲ.

ಸ್ಟೇರಿಂಗ್ ಹಿಡಿದರೆ ಮಾತ್ರ ಕೈ ಹಾಗೆಯೇ ನಡುಗುತ್ತಿತ್ತು. ತಿಂಗಳು ಮುಗಿಯುತ್ತ ಬಂತು. ಅವಳು ಕೊನೆಯ ಉಪಾಯ ತೆಗೆದಳು. ಭಯವಾಗುವ ದಾರಿಯಲ್ಲೇ ಮೊದಲು ಸುಮ್ಮನೆ ಪ್ರಯಾಣಿಕನಾಗಿ ಹೋಗಿಬರುವುದು. ಒಂದು ಮಧ್ಯಾಹ್ನ ಇಬ್ಬರೂ ಟಿಕೆಟ್ ತೆಗೆದುಕೊಂಡು ಅವನ ಹಳೆಯ ರೂಟಿನ ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಕೂತರು. ನಿಧಾನಪ್ಪ ಕೂತ ಕೂಡಲೇ ಇಲ್ಲದ ಬ್ರೇಕು ತುಳಿಯತೊಡಗಿದ. “ಇವನಿಗೆ ಕ್ಲಚ್ ಹಿಡಿಯೋಕೆ ಯಾರು ಕಲಿಸಿದ್ರೋ,” ಅಂತ ಗೊಣಗಿದ. ಒಳ್ಳೆಯ ಲಕ್ಷಣ ಅಂತ ಅವಳಿಗೆ ಖುಷಿಯಾಯಿತು.

ಔಷಧದ ಅಂಗಡಿ ದಾಟಿತು, ಗಾಜಿನಂಗಡಿ ದಾಟಿತು. ತಿರುವಿನಲ್ಲಿ ಮಂದಿರದ ಹಳೆಯ ಕಲ್ಲಿನ ಗೋಡೆ ಕಾಣಿಸಿತು. ಬಸ್ಸಿನ ಅರ್ಧ ಜನ ಮಾತಾಡುತ್ತಿದ್ದವರು ಮಾತಾಡುತ್ತಲೇ, ಫೋನು ನೋಡುತ್ತಿದ್ದವರು ನೋಡುತ್ತಲೇ, ಒಂದು ಕೈ ಎತ್ತಿ ಎದೆಗೆ ಮುಟ್ಟಿಸಿ ಇಳಿಸಿದರು. ನಿಧಾನಪ್ಪನ ಬಲಗೈಯೂ ತಾನಾಗಿಯೇ ಎದ್ದಿತು. ಅರ್ಧಕ್ಕೆ ಬರುವಷ್ಟರಲ್ಲಿ ಅವನ ಎಡಗೈ ಬಂದು ಅದರ ಮಣಿಕಟ್ಟನ್ನು ಹಿಡಿದು ತೊಡೆಯ ಮೇಲೆ ಒತ್ತಿ ಕೂರಿಸಿತು. ಉಗುರುಗಳು ಚರ್ಮಕ್ಕೆ ನೆಟ್ಟಿದ್ದವು. ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು.

ಮುಂದಿನ ಸ್ಟಾಪಿನಲ್ಲಿ ಅವಳು ಅವನನ್ನು ಇಳಿಸಿದಳು. ತಂಗುದಾಣದ ಬೆಂಚಿನ ಮೇಲೆ ಇಬ್ಬರೂ ಕೂತರು.

“ಆ ಕೈಯನ್ನ ಯಾಕೆ ಹಾಗೆ ಹಿಡ್ಕೊಂಡ್ರಿ?”

“ಏನಿಲ್ಲ ಮೇಡಂ.”

“ಏನೂ ಇಲ್ದೆ ಉಗುರಿನ ಗುರುತು ಬೀಳುತ್ತಾ?”

ನಿಧಾನಪ್ಪ ಮಣಿಕಟ್ಟು ಉಜ್ಜಿಕೊಂಡ. “ಬೇಡ ಬಿಡಿ. ಅದು ದೇವರ ವಿಷಯ. ನಿಮಗೆ ಆಗಿಬರಲ್ಲ.”

“ಹಾಗಂತ ಯಾರು ಹೇಳಿದ್ರು?”

“ನೀವೇ. ಬಾಯಲ್ಲಿ ಹೇಳಿಲ್ಲ. ನಾನು ಆ ತಿರುವಿಗೆ ಬಂದಾಗಲೆಲ್ಲ ನೀವು ಗಾಡಿನ ಬೇರೆ ರೂಟಿಗೆ ತಿರುಗಿಸಿಬಿಡ್ತಿದ್ರಿ. ಡ್ರೈವರ್ ನಾನು, ನನಗೆ ಗೊತ್ತಾಗಲ್ವಾ?”

ಅವಳಿಗೆ ಕಪಾಳಕ್ಕೆ ಬಿದ್ದ ಹಾಗಾಯಿತು. “ಈಗ ತಿರುಗಿಸಲ್ಲ,” ಅಂದಳು. “ಹೇಳಿ.”

ಅವನು ಹೇಳಿದ. ಡ್ರೈವರ್ ಆದಾಗಿನಿಂದ ಆ ತಿರುವಿನಲ್ಲಿ ಅವನೂ ಕೈ ಎತ್ತುತ್ತಿದ್ದ. ಒಂದು ಕೈ ಸ್ಟೇರಿಂಗ್ ಮೇಲೆ, ಒಂದು ಕೈ ಎದೆಯ ಮೇಲೆ, ಕಣ್ಣು ಒಂದು ಗಳಿಗೆ ಮಂದಿರದ ಬಾಗಿಲ ಮೇಲೆ. ‘ಇವರನ್ನೆಲ್ಲ ಕ್ಷೇಮವಾಗಿ ತಲುಪಿಸಪ್ಪಾ’ ಅಂತ ದಿನಾ ಅದೇ ಮಾತು. ಆ ದಿನವೂ ಅದೇ ಮಾತು ಅರ್ಧ ಮುಗಿದಿತ್ತು, ದಡ್ ಅಂತ ಸದ್ದಾಯಿತು.

“ತಪ್ಪಿಲ್ಲ ಅಂತ ಬರೆದುಕೊಟ್ರು. ಕೈ ಎಲ್ಲಿತ್ತು ಅಂತ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಯಾರಾದ್ರೂ ಸುಮ್ನೆ ಕೆಮ್ಮಿದ್ರೂ ನನ್ನ ನೋಡೇ ಕೆಮ್ಮಿದ್ರು ಅನ್ಸುತ್ತೆ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋ ಥರ ಆಗಿದೆ ನನ್ನ ಬಾಳು.” ಅವನು ಮಂದಿರದ ಕಡೆ ತಿರುಗಿದ. “ಅದೂ ಹೋಗಲಿ ಮೇಡಂ. ಜನರನ್ನ ಕಾಪಾಡು ಅಂತ ಕೇಳ್ಕೊಳ್ತಾ ಇರೋವಾಗ್ಲೇ ಆಯ್ತಲ್ಲ! ಒಂದೋ ಅವನು ನನ್ನ ಕೈ ನೋಡಲೇ ಇಲ್ಲ. ಇಲ್ಲಾ, ನೋಡಿನೂ ಬೇಡ ಅಂದ. ಯಾವುದು ನಿಜ ಆದ್ರೂ ನಾನು ಮತ್ತೆ ಯಾವ ಧೈರ್ಯದ ಮೇಲೆ ಆ ದಾರೀಲಿ ಹೋಗ್ಲಿ?”

ಅವಳಿಗೆ ಅವನ ಮೇಲೆ ಕನಿಕರ ಹುಟ್ಟಿತು. ಇಷ್ಟು ದಿನ ಮುಳ್ಳು ಇದ್ದದ್ದು ದೇವರ ಮಾತಿನೊಳಗೆ, ತಾನು ಹುಡುಕಿದ್ದು ಊರೆಲ್ಲ. ಆ ಕನಿಕರದಲ್ಲಿ ಅವಳು ಇನ್ನೊಂದು ಎಡವಟ್ಟು ಮಾಡಿದಳು. ಅವನ ತೋಳು ಮುಟ್ಟಿ, “ದೇವರು ಕ್ಷಮಿಸ್ತಾನೆ ಬಿಡಿ,” ಅಂದಳು.

ನಿಧಾನಪ್ಪ ಅವಳ ಮುಖ ನೋಡಿದ. ಆಮೇಲೆ ಅಪಘಾತವಾದಾಗಿನಿಂದ ಇದೇ ಮೊದಲ ಬಾರಿಗೆ ಬಾಯ್ತುಂಬ ನಕ್ಕ. “ಮೇಡಂ, ಬೇಜಾರು ಮಾಡ್ಕೋಬೇಡಿ. ಆ ಮಾತು ನಿಮ್ಮ ಬಾಯಲ್ಲಿ ಸೆಕೆಂಡ್ ಹ್ಯಾಂಡ್ ಟೈರ್ ಥರ ಇದೆ. ಗಾಳಿ ನಿಲ್ಲಲ್ಲ.”

ಅವಳಿಗೂ ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ಮನಸ್ಸು ಹಗುರಾಗಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. “ನಿಜ. ನಾನು ನಂಬಲ್ಲ. ನಂಬೋರ ಥರ ಮಾತಾಡೋಕೆ ಹೋಗಿದ್ದು ತಪ್ಪು. ಆದ್ರೆ ನೀವು ನಂಬ್ತೀರಿ. ನಿಮ್ಮ ದೇವರ ಗುರುತು ನನಗಿಲ್ಲ, ನಿಮಗಿದೆ. ಹೇಳಿ, ಎಂಥವನು? ನಮ್ಮ ಡಿಪೋ ಮ್ಯಾನೇಜರ್ ಥರವಾ?”

“ಛೇ ಛೇ, ಅಷ್ಟು ಕೆಟ್ಟವನಲ್ಲ,” ಅಂದ ನಿಧಾನಪ್ಪ ಗಾಬರಿಯಿಂದ. ಆಮೇಲೆ ಯೋಚಿಸುತ್ತ ಕೂತ. ಒಂದು ಬಸ್ಸು ಬಂದು ನಿಂತು, ಇವರು ಹತ್ತುವುದಿಲ್ಲವೆಂದು ಗೊತ್ತಾಗಿ ಹೊರಟುಹೋಯಿತು. “ನಮ್ಮ ದೊಡ್ಡಕ್ಕನ ಥರ,” ಅಂದ ಕೊನೆಗೆ. “ಅಮ್ಮ ಹೋದ್ಮೇಲೆ ನನ್ನ ಸಾಕಿದ್ದು ಅವಳೇ. ಬಾಯಿ ಜೋರು. ಮನೆಗೆ ಹೊತ್ತಾಗಿ ಹೋದ್ರೆ ಬೀದಿಗೆಲ್ಲ ಕೇಳೋ ಹಾಗೆ ಬೈತಿದ್ಲು. ಆದ್ರೆ ತಟ್ಟೆಗೆ ಬಡಿಸಿ ಮುಚ್ಚಿಟ್ಟಿರ್ತಿದ್ಲು.”

“ಹಾಗಿದ್ರೆ ಒಂದು ಕೇಳ್ತೀನಿ. ನೀವು ಬಸ್ಸು ಓಡಿಸ್ತಾ ಇದೀರಿ. ದೊಡ್ಡಕ್ಕ ಬಾಗಿಲಲ್ಲಿ ನಿಂತಿದ್ದಾಳೆ. ನೀವು ಸ್ಟೇರಿಂಗ್ ಬಿಟ್ಟು ಅವಳಿಗೆ ಕೈ ಬೀಸಿದ್ರಿ. ಏನಂತಾಳೆ?”

ಅವನ ಕಣ್ಣಲ್ಲಿ ನೀರು ತುಂಬಿಕೊಂಡಿತು, ತುಟಿಯ ಮೇಲೆ ನಗುವೂ ಬಂತು.

“‘ಕತ್ತೆ! ಮುಂದೆ ನೋಡ್ಕೊಂಡು ಓಡಿಸೋ! ನಾನೆಲ್ಲಿಗೆ ಓಡಿಹೋಗ್ತೀನಿ?’ ಅಂತಾಳೆ.”

ಅವನು ಕರ್ಚೀಫು ಮುಖಕ್ಕೆ ಒತ್ತಿಕೊಂಡು ಅತ್ತ. ಇನ್ನೊಂದು ಮಾತು ಸೇರಿಸಿದರೆ ಕೆಡುತ್ತದೆ ಅನ್ನುವಷ್ಟು ಬುದ್ಧಿ ಅಷ್ಟರಲ್ಲಿ ಅವಳಿಗೆ ಬಂದಿತ್ತು.

ಏಳುವಾಗ ಅವಳು ಒಂದು ಮಾತು ಸ್ಪಷ್ಟ ಮಾಡಿದಳು. “ಇದನ್ನ ನಾನು ಯಾರಿಗೂ ಹೇಳಲ್ಲ. ಆದ್ರೆ ನೀವು ಓಡಿಸಬಹುದು ಅಂತ ನಾನು ಹೇಳಬೇಕಾದ್ರೆ, ಇದನ್ನ ಮುಚ್ಚಿಟ್ಟು ಹೇಳೋಕಾಗಲ್ಲ.”

“ಗೊತ್ತು ಮೇಡಂ. ಮೊದಲು ಸಾಣೆ ತಾತನ ಹತ್ರ ಹೋಗ್ತೀನಿ. ಆಮೇಲೆ ಮ್ಯಾನೇಜರ್. ಬೈಗುಳ ತಿನ್ನೋದಾದ್ರೆ ಸರಿಯಾದ ಜಾಗದಲ್ಲಿ ತಿನ್ನೋಣ.”

ಆ ಸಂಜೆ ಮನೆಯಲ್ಲಿ ಅತ್ತೆ ತಮ್ಮ ಕೋಣೆಯಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತು ಎಂದಿನ ಹಾಗೆ ತುಟಿ ಅಲ್ಲಾಡಿಸುತ್ತಿದ್ದರು. ಬೇರೆ ದಿನವಾದರೆ ಸೊಸೆ ಬಾಗಿಲು ಮುಂದೆ ಮಾಡಿಕೊಂಡು ಹೋಗುತ್ತಿದ್ದಳು. ಇವತ್ತು ಹೊಸ್ತಿಲಲ್ಲೇ ನಿಂತಳು.

“ಅತ್ತೆ, ದಿನಾ ಏನು ಕೇಳ್ಕೋತೀರಿ?”

“ನಿನಗೆ ಒಳ್ಳೆ ಬುದ್ಧಿ ಕೊಡಲಿ ಅಂತ,” ಅಂದರು ಅತ್ತೆ ತಿರುಗದೆ. ಸೊಸೆ ಹೋಗದೆ ನಿಂತದ್ದು ನೋಡಿ ಆಮೇಲೆ ಸೇರಿಸಿದರು. “ಕೇಳೋದೇನಿಲ್ಲಮ್ಮ. ಮಾತಾಡ್ತೀನಿ ಅಷ್ಟೆ. ಮಂಡಿನೋವು, ಮಗನ ಮುಂಗೋಪ, ಸತ್ತೋರ ನೆನಪು. ನೀನು ಊರೋರ ಗೋಳೆಲ್ಲ ಕೇಳಿ ಸುಸ್ತಾಗಿ ಬಂದಿರ್ತೀಯ. ನಿನ್ನ ಮೇಲೂ ಯಾಕೆ ಹೇರ್ಲಿ ಅಂತ.”

ಅವಳು ಹೊಸ್ತಿಲ ಮೇಲೆ ಕೂತುಬಿಟ್ಟಳು. ಅಮ್ಮನ ನೆನಪಾಯಿತು. ಅಮ್ಮನ ಸುತ್ತ ಅಷ್ಟು ಜನ ಕೂತಿದ್ದರು, ‘ನಿನಗೇನಾಗಿದೆ’ ಅಂತ ಒಬ್ಬರೂ ಕೇಳಿರಲಿಲ್ಲ. ದೇವರ ಮಾತಾಡಿ ಅವಳ ಬಾಯಿ ಮುಚ್ಚಿಸಿದ್ದರು. ತಾನು ದೇವರ ಮಾತು ಬೇಡವೆಂದು ಎಷ್ಟು ಜನರ ಬಾಯಿ ಮುಚ್ಚಿಸಿದ್ದೇನೋ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅಂದ ಹಾಗೆ ಎರಡು ಕಡೆಯೂ ಎಳೆದಾಟವೇ, ನಡುವೆ ನೊಂದವರ ಮಾತು ಕೇಳಿದವರು ಯಾರೂ ಇಲ್ಲ. ಅವಳಿಗೆ ತುಂಬ ನಾಚಿಕೆಯಾಯಿತು.

“ಮಂಡಿನೋವಿನ ವಿಷಯ ನನಗೂ ಹೇಳಬಹುದು ಅತ್ತೆ,” ಅಂದಳು.

“ಹೇಳ್ತೀನಿ ತಾಳು, ಅವನ ಸರದಿ ಮುಗೀಲಿ,” ಅಂದರು ಅತ್ತೆ.

ವಾರದ ಕೊನೆಯಲ್ಲಿ ನಿಧಾನಪ್ಪ ಕೋಣೆಗೆ ಬಂದವನು ಕೂರುವ ಮೊದಲೇ ನಗಲು ಶುರುಮಾಡಿದ. ನಗುತ್ತ ಕಣ್ಣೊರೆಸಿಕೊಂಡ. ಏನು ಅಂತ ಕೇಳಿದರೆ ಮತ್ತೆ ನಕ್ಕ.

ಸಾಣೆ ತಾತ ಮನೆಯ ಮುಂದೆ ಕೂತು ಕತ್ತರಿ ಉಜ್ಜುತ್ತಿದ್ದನಂತೆ. ನಿಧಾನಪ್ಪ ಎದುರಿಗೆ ಕೂತು, ತಲೆ ತಗ್ಗಿಸಿ, ಎಲ್ಲವನ್ನೂ ಹೇಳಿದನಂತೆ. ಕೈ ಸ್ಟೇರಿಂಗ್ ಮೇಲಿರಲಿಲ್ಲ, ಕಣ್ಣು ರಸ್ತೆಯ ಮೇಲಿರಲಿಲ್ಲ, ಬೇಕಾದರೆ ಇದೇ ಕತ್ತರಿಯಿಂದ ನನ್ನ ಕಿವಿ ಕತ್ತರಿಸಿಕೋ ಅಂತ. ತಾತ ಉಜ್ಜುವುದನ್ನು ನಿಲ್ಲಿಸಿದ. ಮನೆಯೊಳಗೆ ಒಮ್ಮೆ ಇಣುಕಿ, ಹೆಂಡತಿ ಹತ್ತಿರದಲ್ಲಿಲ್ಲ ಎಂದು ಖಾತ್ರಿ ಮಾಡಿಕೊಂಡ. ಆಮೇಲೆ ಮೆಲ್ಲಗೆ ಕೇಳಿದನಂತೆ:

“ಗುಂಡಿ ಅಂತ ನಾನು ಹೇಳಿದೆನಲ್ಲ, ಆ ತಿರುವಲ್ಲಿ ಗುಂಡಿ ನೋಡಿದ್ದೀಯೇನಪ್ಪಾ ನೀನು?”

“ಇಲ್ಲ.”

“ಇದ್ರೆ ತಾನೆ! ನಾನೂ ಕೈ ಎತ್ತಿದ್ದೆ ಕಣಪ್ಪಾ. ಹ್ಯಾಂಡಲ್ ಬಿಟ್ಟು, ತಲೆನೂ ಬಗ್ಗಿಸಿದ್ದೆ. ಸೈಕಲ್ ವಾಲಿಹೋಯ್ತು. ದೇವರಿಗೆ ಕೈ ಮುಗಿಯೋಕೆ ಹೋಗಿ ಸೊಂಟ ಮುರ್ಕೊಂಡೆ ಅಂತ ಯಾರ ಹತ್ರ ಹೇಳ್ಲಿ? ನಮ್ಮ ಮನೆಯವಳು ಇನ್ನೂ ಗುಂಡಿಗೇ ಶಾಪ ಹಾಕ್ತಿದ್ದಾಳೆ.”

“ಇಬ್ಬರೂ ಒಬ್ಬನಿಗೇ ಕೈ ಎತ್ತಿ ಒಬ್ಬರ ಮೇಲೊಬ್ಬರು ಬಿದ್ದಿದ್ದೀವಿ ಮೇಡಂ!” ಅಂದ ನಿಧಾನಪ್ಪ. “ತಾತ ನಗ್ತಾನೆ, ನಕ್ಕರೆ ಸೊಂಟ ನೋಯುತ್ತೆ ಅಂತ ಬೈತಾನೆ, ಮತ್ತೆ ನಗ್ತಾನೆ. ಆಮೇಲೆ ಇಬ್ಬರೂ ಅತ್ವಿ. ‘ಅವನೇನು ಮಾಡ್ತಾನಪ್ಪಾ, ಎರಡು ಕತ್ತೆಗಳನ್ನ ಒಟ್ಟಿಗೆ ಹಿಡ್ಕೋಬೇಕಿತ್ತು, ಪ್ರಾಣ ಉಳಿಸಿದ್ದೇ ಹೆಚ್ಚು’ ಅಂದ. ನಮ್ಮ ದೊಡ್ಡಕ್ಕ ಹೇಳೋ ಹಾಗೇ ಇತ್ತು ಮಾತು.”

“ಮತ್ತೆ ಮಂದಿರದ ತಿರುವಲ್ಲಿ ಏನು ಮಾಡ್ತೀರಿ?”

ಅದನ್ನೂ ಅವನು ಯೋಚಿಸಿಕೊಂಡು ಬಂದಿದ್ದ. “ಬಸ್ಸಲ್ಲಿ ಅಷ್ಟು ಜನ ಕೈ ಎತ್ತುತ್ತಾರಲ್ಲ, ಎತ್ತಲಿ. ಅವರ ಪರವಾಗಿ ಸ್ಟೇರಿಂಗ್ ನಾನು ಹಿಡ್ಕೋತೀನಿ, ನನ್ನ ಪರವಾಗಿ ಕೈ ಅವರು ಎತ್ತಲಿ. ಡ್ಯೂಟಿ ಮುಗಿದ ಮೇಲೆ ನಾನೇ ಹೋಗಿ ಎದುರಿಗೆ ನಿಂತು ಮಾತಾಡಿಸ್ಕೊಂಡು ಬರ್ತೀನಿ.”

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ನಿಧಾನಪ್ಪ ಹೋಗಿ ಹೇಳಿದ್ದನ್ನು ಕೇಳಿ ಮ್ಯಾನೇಜರ್ ಮೇಜು ಗುದ್ದಿ, ವಿಚಾರಣೆಯಲ್ಲಿ ಯಾಕೆ ಬಾಯಿ ಬಿಡಲಿಲ್ಲ ಅಂತ ಕೂಗಾಡಿ, ಗಟ್ಟಿಯಾದ ಎಚ್ಚರಿಕೆ ಕೊಟ್ಟರು. ಮೇಲಿನವರಿಗೂ ತಿಳಿಸಿದರು. ಕೊನೆಗೆ ‘ಮಾತಿನ ಡಾಕ್ಟ್ರು’ ಅಡ್ಡಗೋಡೆಯ ಮೇಲೆ ದೀಪ ಇಡದೆ, ಇವನು ಓಡಿಸಬಲ್ಲ ಅಂತ ನೇರವಾಗಿ ಹೇಳಿದ ಮೇಲೆ, ಒಂದು ಪರೀಕ್ಷೆಯ ಓಟಕ್ಕೆ ಒಪ್ಪಿಗೆ ಬಂತು. ಖಾಲಿ ಬಸ್ಸು, ಹಳೆಯ ರೂಟು, ಪಕ್ಕದಲ್ಲಿ ತರಬೇತಿಯ ಮೇಷ್ಟ್ರು. ಒಂದು ಸಲ ಕೈ ನಡುಗಿದರೂ ತೊಳೆಯುವ ಶೆಡ್. ಅವಳು ಹಿಂದಿನ ಸೀಟಿನಲ್ಲಿ ಕೂತಳು.

ಮೇಷ್ಟ್ರು ನಗದ ಮನುಷ್ಯ. ಹೊರಟಾಗಿನಿಂದ ನಿಧಾನಪ್ಪನ ಎರಡು ಕೈಗಳನ್ನು ಬಿಟ್ಟು ಬೇರೇನೂ ನೋಡಲಿಲ್ಲ. ಬಸ್ಸು ಎಂದಿನ ಮದುವಣಗಿತ್ತಿಯ ನಡಿಗೆಯಲ್ಲಿ ಹೊರಟಿತು. ಹಿಂದಿನಿಂದ ಹಾರ್ನುಗಳು ಶುರುವಾದವು. ಔಷಧದ ಅಂಗಡಿ ದಾಟಿತು, ಗಾಜಿನಂಗಡಿ ದಾಟಿತು. ಕಲ್ಲಿನ ಗೋಡೆ ಕಾಣಿಸಿತು.

ನಿಧಾನಪ್ಪನ ಬೆರಳುಗಳು ಸ್ಟೇರಿಂಗ್ ಮೇಲೆ ಬಿಗಿಯಾದವು. ಬಸ್ಸು ಇನ್ನೂ ನಿಧಾನವಾಯಿತು. ಅವನ ಭುಜ ಒಮ್ಮೆ ನಡುಗಿದ್ದು ಅವಳಿಗೆ ಹಿಂದಿನಿಂದ ಕಾಣಿಸಿತು.

“ಮೇಡಂ,” ಅಂದ ಅವನು, ತಿರುಗದೆ. ಧ್ವನಿ ಸಣ್ಣಗಾಗಿತ್ತು. “ಬಸ್ಸಲ್ಲಿ ಜನ ಇಲ್ಲ.”

ಮೇಷ್ಟ್ರು ಹುಬ್ಬು ಗಂಟಿಕ್ಕಿದರು. ಜನ ಇಲ್ಲದ್ದು ಅವರಿಗೆ ಗೊತ್ತೇ ಇತ್ತಲ್ಲ. ಅವಳಿಗೆ ಮಾತ್ರ ಅರ್ಥವಾಯಿತು. ಅವನ ಪರವಾಗಿ ಕೈ ಎತ್ತಲು ಬಸ್ಸಿನಲ್ಲಿ ಯಾರೂ ಇರಲಿಲ್ಲ. ಅವಳೊಬ್ಬಳು ಇದ್ದಳು.

ಅಮ್ಮ ಹೋದ ದಿನದಿಂದ ಅವಳ ಕೈ ಎಂದೂ ದೇವರಿಗಾಗಿ ಎದ್ದಿರಲಿಲ್ಲ. ಅವಳು ಬಲಗೈ ಎತ್ತಿ, ಎದೆಗೆ ಮುಟ್ಟಿಸಿ, ಒಂದು ಗಳಿಗೆ ಅಲ್ಲೇ ಇಟ್ಟುಕೊಂಡಳು. ನಂಬಿಕೆ ಹಿಂದಿನಷ್ಟೇ ಇತ್ತು, ಅಂದರೆ ಇರಲಿಲ್ಲ. ಆದರೆ ಅವನ ಮಾತನ್ನು ತಾನು ತಲುಪಿಸುತ್ತಿದ್ದೇನೆ ಅನ್ನುವುದರಲ್ಲಿ ಅವಳಿಗೆ ಸ್ವಲ್ಪವೂ ಅನುಮಾನ ಇರಲಿಲ್ಲ.

“ಎತ್ತಿದೆ,” ಅಂದಳು. “ನೀವು ಮುಂದೆ ನೋಡ್ಕೊಂಡು ಓಡಿಸಿ.”

ಬಸ್ಸು ತಿರುವಿನಲ್ಲಿ ಮೆಲ್ಲಗೆ ತಿರುಗಿತು. ಮುಂದಿನ ಕನ್ನಡಿಯಲ್ಲಿ ನಿಧಾನಪ್ಪ ನಗುವುದು ಅವಳಿಗೆ ಕಾಣಿಸಿತು. ಅವನ ಎರಡು ಕೈಯೂ ಸ್ಟೇರಿಂಗ್ ಮೇಲಿದ್ದವು, ಕಣ್ಣು ರಸ್ತೆಯ ಮೇಲಿತ್ತು.